ಪಿಕಪ್ ಟ್ರಕ್ಕಿನ ನಿಷ್ಕಾಸ ವ್ಯವಸ್ಥೆ: ಶಕ್ತಿ ಮತ್ತು ದನಿಗಾಗಿ ಮಾರ್ಪಾಡು

ಪಿಕಪ್ ಟ್ರಕ್ಕಿಗೆ ಕಾರ್ಖಾನೆಯಲ್ಲಿ ಕೂಡಿಸಿದ ಹೊಗೆಕೊಳವೆ, ಮಫ್ಲರ್ ಮೊದಲಾದ ಭಾಗಗಳನ್ನು ತೆಗೆದು, ಹೊಗೆ ಇನ್ನಷ್ಟು ಸಲೀಸಾಗಿ ಹರಿಯುವಂಥ ಭಾಗಗಳನ್ನು ಜೋಡಿಸುವ ಕೆಲಸ ಇದು. ಎಂಜಿನ್ನಿನ ಶಕ್ತಿಯನ್ನು ಒಂದಿಷ್ಟು ಏರಿಸುವುದು ಒಂದು ಉದ್ದೇಶ, ದನಿಯನ್ನು ಬದಲಿಸುವುದು ಇನ್ನೊಂದು. ಈ ಹವ್ಯಾಸದ ತವರು ಅಮೆರಿಕ. ಅಲ್ಲಿ ಹೊಲಕ್ಕೆ ಮೇವು ಹೊರುವ ಬಂಡಿಯೂ ಪಿಕಪ್ಪೇ, ಮಕ್ಕಳನ್ನು ಶಾಲೆಗೆ ಬಿಡುವ ವಾಹನವೂ ಪಿಕಪ್ಪೇ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್-ಟಿ ಕಾರಿನ ಹಿಂಬದಿಗೆ ತೆರೆದ ಪೆಟ್ಟಿಗೆ ಕೂಡಿಸಿ ಮಾರತೊಡಗಿತು. ಅದೇ ಕಂಪನಿಯ ಎಫ್ ಸರಣಿ 1948ರಲ್ಲಿ ಬಂತು. 1977ರಿಂದ ಇಂದಿನವರೆಗೆ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಅದೇ. ಷೆವರ್ಲೆ ಸಿಲ್ವರಾಡೊ, ರ‍್ಯಾಮ್, ಟೊಯೊಟಾ ಟಂಡ್ರಾ ಇದರ ಪ್ರತಿಸ್ಪರ್ಧಿಗಳು. ಈ ಗಾಡಿಗಳ ಸುತ್ತ ಬೆಳೆದ ಬಿಡಿಭಾಗಗಳ ವ್ಯಾಪಾರದಲ್ಲಿ ಹೊಗೆಕೊಳವೆಗೆ ದೊಡ್ಡ ಪಾಲಿದೆ.

ಮಾರ್ಪಾಡಿಗೆ ಕೈಹಾಕುವವರು ಮೊದಲೇ ಅರಿತಿರಬೇಕಾದ ಸಂಗತಿಯೊಂದಿದೆ. ಶಕ್ತಿ ಇರುವುದು ಎಂಜಿನ್ನಿನ ಹತ್ತಿರದ ಕೊಳವೆಗಳಲ್ಲಿ, ದನಿ ಇರುವುದು ಬಾಲದ ಕಡೆಯ ಕೊಳವೆಗಳಲ್ಲಿ. ಇವೆರಡರ ನಡುವೆ ಕೂತು ಹೊಗೆಯ ವಿಷ ಕಳೆಯುವ ಕೆಟಲಿಟಿಕ್ ಕನ್ವರ್ಟರ್ ಗಾಡಿಯ ಒಡೆಯನಿಗಿಂತ ಊರಿನ ಗಾಳಿಗೆ ಸೇರಿದ್ದು. ಬಹುಪಾಲು ಜನ ಹಣ ಸುರಿಯುವುದು ಬಾಲದ ಕಡೆಗೆ, ನಿರೀಕ್ಷೆ ಇಟ್ಟುಕೊಳ್ಳುವುದು ಶಕ್ತಿಯ ಮೇಲೆ. ನಿರಾಸೆ ಹುಟ್ಟುವುದು ಅಲ್ಲಿಂದಲೇ.

ಹೊಗೆಯ ದಾರಿ

ಸಿಲಿಂಡರಿನಲ್ಲಿ ಇಂಧನ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳಿದ ಮೇಲೆ ಉಳಿಯುವ ಬಿಸಿ ಅನಿಲ ನಿಷ್ಕಾಸ ಕವಾಟದ ಮೂಲಕ ಹೊರಬೀಳುತ್ತದೆ. ಸಿಲಿಂಡರುಗಳ ಹೊಗೆಯನ್ನೆಲ್ಲ ಒಂದೆಡೆ ಸೇರಿಸುವ ಎರಕದ ಕಬ್ಬಿಣದ ಕವಲುಕೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಅದರ ನಂತರ ಕೆಟಲಿಟಿಕ್ ಕನ್ವರ್ಟರ್, ಕನ್ವರ್ಟರಿನ ಹಿಂದೆ ಮುಂದೆ ಆಮ್ಲಜನಕ ಸಂವೇದಕಗಳು, ಆಮೇಲೆ ನಡುಕೊಳವೆ, ರೆಸೊನೇಟರ್, ಮಫ್ಲರ್, ಕೊನೆಗೆ ಬಾಲಕೊಳವೆ. 5.3 ಲೀಟರಿನ ವಿ8 (ಎರಡು ಸಾಲುಗಳಲ್ಲಿ ಎಂಟು ಸಿಲಿಂಡರುಗಳಿರುವ) ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗುವಾಗ ಪ್ರತಿ ನಿಮಿಷ ಸುಮಾರು 13 ಘನ ಮೀಟರ್ ಗಾಳಿ ಒಳಗೆಳೆದುಕೊಳ್ಳುತ್ತದೆ. ಉರಿದು ಹೊರಬರುವಾಗ ಅದೇ ಗಾಳಿ 700-900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೂರು ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ. ಇದೆಲ್ಲ ಅಂಗೈಯಗಲದ ಕೊಳವೆಯೊಳಗೆ ನುಗ್ಗಿ ಆರು ಮೀಟರಿನಷ್ಟು ಉದ್ದದ ಗಾಡಿಯ ಹಿಂಬದಿಗೆ ತಲುಪಬೇಕು.

ಕಾರಿಗೆ ಹೋಲಿಸಿದರೆ ಪಿಕಪ್ಪಿನ ಅಡಿಯಲ್ಲಿ ಈ ದಾರಿ ಉದ್ದ, ಅಂಕುಡೊಂಕು ಕೂಡ. ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಪಕ್ಕದಲ್ಲಿ ಸಾಗಿ, ಗಟ್ಟಿ ಹಿಂಅಚ್ಚಿನ ಮೇಲೆ ಹತ್ತಿಳಿದು, ಪೆಟ್ಟಿಗೆಯ ಅಡಿ ತೂಗುಹಾಕಿದ ಸ್ಟೆಪ್ನಿ ಚಕ್ರವನ್ನು ತಪ್ಪಿಸಿಕೊಂಡು, ಟ್ರೇಲರ್ ಕೊಕ್ಕೆಗೆ ತಾಗದಂತೆ ಹೊರಬರಬೇಕು. ಭಾರ ಹೇರಿದಾಗ ಅಚ್ಚು ಮೇಲಕ್ಕೆದ್ದು ಕೊಳವೆಗೆ ಬಡಿಯದಷ್ಟು ಜಾಗವೂ ಬೇಕು. ಇನ್ನೊಂದೆಡೆ, ಅಡಿಯಲ್ಲಿ ಜಾಗಕ್ಕೆ ಬರವಿಲ್ಲದ್ದರಿಂದ ಮೆಕ್ಯಾನಿಕ್ಕಿಗೆ ಕೈಯಾಡಿಸಲು ಅನುಕೂಲ. ಮನೆಯಂಗಳದಲ್ಲೇ ಗಾಡಿಯನ್ನು ಜ್ಯಾಕ್ ಮೇಲೆ ನಿಲ್ಲಿಸಿ ಈ ಕೆಲಸ ಮುಗಿಸುವ ಹವ್ಯಾಸಿಗಳು ಅಮೆರಿಕದಲ್ಲಿ ಲೆಕ್ಕವಿಲ್ಲದಷ್ಟು ಮಂದಿ.

ಇತಿಹಾಸ

ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಸಹೋದರರು ಎಂಜಿನ್ನಿನ ಮಫ್ಲರಿಗೆ ಪೇಟೆಂಟ್ ಪಡೆದದ್ದು 1897ರಲ್ಲಿ. ಮಫ್ಲರ್ ಶಕ್ತಿ ತಿನ್ನುತ್ತದೆ ಎಂಬ ದೂರು ಅಂದಿನಿಂದಲೇ ಬೆನ್ನುಹತ್ತಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಕಾರುಗಳಲ್ಲಿ, ಚಾಲಕ ಕಾಲಿನಿಂದ ಒತ್ತಿದರೆ ಹೊಗೆ ಮಫ್ಲರನ್ನು ಬಿಟ್ಟು ನೇರವಾಗಿ ಹೊರಹೋಗುವ ಕವಾಟ ಇರುತ್ತಿತ್ತು. ಗುಡ್ಡ ಹತ್ತುವಾಗ ಅದನ್ನು ತೆರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಹಾಟ್‌ರಾಡ್ ಹುಡುಗರು ಹಳೆಯ ಫೋರ್ಡ್ ವಿ8ಗಳಿಗೆ ಜೋಡಿ ಕೊಳವೆ, ಗಾಜುನಾರು ತುಂಬಿದ ಮಫ್ಲರ್ ಹಾಕಿ ಓಡಿಸಿದರು. ಇಂದಿನ ಪಿಕಪ್ ಹವ್ಯಾಸದ ಬೇರು ಅಲ್ಲಿದೆ.

1970ರ ಶುದ್ಧಗಾಳಿ ಕಾಯ್ದೆ ಈ ಲೋಕವನ್ನೇ ಬದಲಿಸಿತು. 1975ರ ಮಾದರಿಗಳಿಂದ ಅಮೆರಿಕದ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂತು, ಅದರ ಜೊತೆಗೆ ಸೀಸವಿಲ್ಲದ ಪೆಟ್ರೋಲು. ಆರಂಭದ ಕನ್ವರ್ಟರುಗಳು ಹೊಗೆಯ ದಾರಿಗೆ ನಿಜವಾಗಿಯೂ ಅಡ್ಡಗಲ್ಲಾಗಿದ್ದವು. ಒಟ್ಟು ತೂಕ 6,000 ಪೌಂಡ್ ದಾಟುವ ಟ್ರಕ್ಕುಗಳಿಗೆ ಆಗ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಇದರ ಫಲವೇ 1978ರ ಡಾಡ್ಜ್ ಲಿಲ್ ರೆಡ್ ಎಕ್ಸ್‌ಪ್ರೆಸ್. ಕೆಂಪು ಬಣ್ಣ, ಮರದ ಹಲಗೆಗಳ ಅಲಂಕಾರ, 5.9 ಲೀಟರಿನ 225 ಅಶ್ವಶಕ್ತಿಯ ವಿ8, ಚಾಲಕನ ಕೋಣೆಯ ಹಿಂದೆ ಎರಡೂ ಬದಿಗೆ ನೆಟ್ಟಗೆ ನಿಂತ ಕ್ರೋಮಿನ ಹೊಗೆಕೊಳವೆಗಳು. ಕನ್ವರ್ಟರ್ ಇರಲಿಲ್ಲ. ನಿಂತಲ್ಲಿಂದ ಗಂಟೆಗೆ 100 ಮೈಲಿ ವೇಗ ಮುಟ್ಟುವುದರಲ್ಲಿ ಆ ವರ್ಷದ ಅಮೆರಿಕದ ಎಲ್ಲ ಗಾಡಿಗಳನ್ನೂ ಅದು ಹಿಂದಿಕ್ಕಿತೆಂದು ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆಯ ಪರೀಕ್ಷೆ ತೋರಿಸಿತು. ಮೊದಲ ವರ್ಷ ತಯಾರಾದದ್ದು 2,188. 1979ರ ಮಾದರಿಗೆ ಕನ್ವರ್ಟರ್ ಬಂತು, ಆ ವರ್ಷದೊಂದಿಗೇ ಟ್ರಕ್ಕಿನ ತಯಾರಿಕೆಯೂ ನಿಂತಿತು. ಕಾರ್ಖಾನೆಯೇ ಹೊಗೆಕೊಳವೆಯನ್ನು ಗಾಡಿಯ ಮುಖ್ಯ ಆಕರ್ಷಣೆ ಮಾಡಿ ಮಾರಿದ ನಿದರ್ಶನಗಳಲ್ಲಿ ಇದಕ್ಕೆ ಸಾಟಿಯಾದದ್ದು ಕಡಿಮೆ.

ಕನ್ವರ್ಟರನ್ನು ಮುಟ್ಟದೆ ಅದರ ಹಿಂದಿನ ಭಾಗಗಳನ್ನಷ್ಟೇ ಬದಲಿಸುವ ‘ಕ್ಯಾಟ್-ಬ್ಯಾಕ್’ ಪದ್ಧತಿ ಬೆಳೆದದ್ದು ಈ ಕಾನೂನಿನ ನೆರಳಿನಲ್ಲಿ. ಅಲೆಕ್ಸ್ ಬೋರ್ಲಾ 1978ರಲ್ಲಿ ಸ್ಥಾಪಿಸಿದ ಬೋರ್ಲಾ, ರೇ ಫ್ಲಗರ್ 1983ರಲ್ಲಿ ಸ್ಥಾಪಿಸಿದ ಫ್ಲೋಮಾಸ್ಟರ್, ಇವುಗಳ ಜೊತೆಗೆ ಮ್ಯಾಗ್ನಾಫ್ಲೋ, ಗಿಬ್ಸನ್, ಕೊರ್ಸಾ ಈ ಕ್ಷೇತ್ರದ ಹೆಸರುಗಳು. 1996ರಿಂದ ಒಬಿಡಿ-2 ಎಂಬ ತಪಾಸಣಾ ವ್ಯವಸ್ಥೆ ಕಡ್ಡಾಯವಾದ ಮೇಲೆ, ಕನ್ವರ್ಟರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಗಾಡಿಯ ಕಂಪ್ಯೂಟರೇ ಕಾವಲು ಕಾಯುತ್ತಿದೆ.

ಒತ್ತಡ, ವೇಗ, ಅಲೆ

‘ಎಂಜಿನ್ನಿಗೆ ಸ್ವಲ್ಪ ಹಿಮ್ಮುಖ ಒತ್ತಡ ಬೇಕು’ ಎಂಬ ಮಾತು ಗ್ಯಾರೇಜುಗಳಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪು. ಹೊಗೆ ಹೊರದಬ್ಬಲು ಪಿಸ್ಟನ್ ವ್ಯಯಿಸುವ ಶ್ರಮವೆಲ್ಲ ಚಕ್ರಕ್ಕೆ ದಕ್ಕದೆ ಹೋದ ಶಕ್ತಿಯೇ. ಆದರೂ ಆ ಮಾತಿನ ಹಿಂದೆ ನಿಜವಾದ ಅನುಭವವೊಂದಿದೆ: ಅತಿ ದಪ್ಪ ಕೊಳವೆ ಹಾಕಿಸಿದವರ ಗಾಡಿ ಕಡಿಮೆ ಸುತ್ತುಗಳಲ್ಲಿ ಸಪ್ಪೆಯಾಗುತ್ತದೆ. ಅಲ್ಲಿ ಕಳೆದುಹೋಗುವುದು ಅನಿಲದ ವೇಗ. ಪ್ರತಿ ಸಿಲಿಂಡರಿನಿಂದ ಚಿಮ್ಮುವ ಹೊಗೆಯ ಮುದ್ದೆ ಕೊಳವೆಯಲ್ಲಿ ರಭಸದಿಂದ ಸಾಗುವಾಗ ತನ್ನ ಹಿಂದೆ ಒತ್ತಡ ತಗ್ಗಿಸುತ್ತದೆ, ಜೋರಾಗಿ ಹೋದ ಬಸ್ಸಿನ ಹಿಂದೆ ತರಗೆಲೆಗಳು ಎಳೆದುಕೊಂಡು ಹೋಗುವ ಹಾಗೆ. ಈ ಸೆಳೆತ ಮುಂದಿನ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಹೊರಗೆಳೆಯುತ್ತದೆ. ಕೊಳವೆ ಬೇಕಾದ್ದಕ್ಕಿಂತ ದಪ್ಪವಾದರೆ ಹರಿವು ನಿಧಾನವಾಗಿ, ಸೆಳೆತ ಸತ್ತುಹೋಗುತ್ತದೆ.

ಹರಿಯುವ ಅನಿಲದ ಜೊತೆಜೊತೆಗೇ ಒತ್ತಡದ ಅಲೆಯೂ ಓಡುತ್ತದೆ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 500-600 ಮೀಟರ್. ಕೋಣೆಯ ಗಾಳಿಯಲ್ಲಿ ಅದು 343 ಮಾತ್ರ. ಕೊಳವೆ ಒಮ್ಮೆಲೇ ಅಗಲವಾಗುವ ಜಾಗ ಮುಟ್ಟಿದ ಅಲೆ ತಿರುಗಿ ಕವಾಟದತ್ತ ಹೊರಡುವಾಗ ಹೀರುವ ಅಲೆಯಾಗಿರುತ್ತದೆ. ಒಳಗವಾಟ, ಹೊರಗವಾಟ ಎರಡೂ ಕ್ಷಣಕಾಲ ಒಟ್ಟಿಗೆ ತೆರೆದಿರುವಾಗ ಈ ಅಲೆ ಬಂದು ತಲುಪಿದರೆ ಹೊಸ ಗಾಳಿ ತಾನಾಗಿ ಒಳನುಗ್ಗುತ್ತದೆ. ಕೊಳವೆಯ ಉದ್ದ ಒಂದು ನಿರ್ದಿಷ್ಟ ವೇಗದಲ್ಲಷ್ಟೇ ಈ ಸಮಯಕ್ಕೆ ಹೊಂದುತ್ತದೆ. ಹಾಗಾಗಿ ಎಲ್ಲ ವೇಗಗಳಲ್ಲೂ ಶಕ್ತಿ ಹೆಚ್ಚಿಸುವ ಕೊಳವೆ ಎಂಬುದಿಲ್ಲ. ಟ್ರೇಲರ್ ಎಳೆಯುವವನಿಗೆ 2,000ದಿಂದ 3,500 ಸುತ್ತುಗಳ ನಡುವಿನ ಎಳೆತಬಲ ಮುಖ್ಯ. 6,000 ಸುತ್ತಿನಲ್ಲಿ ಸಿಗುವ ಹತ್ತು ಅಶ್ವಶಕ್ತಿ ಅವನಿಗೆ ಯಾವ ಉಪಯೋಗಕ್ಕೂ ಬಾರದು.

ವ್ಯಾಸ ಆರಿಸುವಾಗ ಅಡ್ಡಕೊಯ್ತದ ವಿಸ್ತೀರ್ಣ ನೋಡಬೇಕು. 2.5 ಇಂಚಿನಿಂದ 3 ಇಂಚಿಗೆ ಹೋದರೆ ವಿಸ್ತೀರ್ಣ ಶೇ 44ರಷ್ಟು ಹೆಚ್ಚುತ್ತದೆ. ಎರಡೂವರೆ ಇಂಚಿನ ಎರಡು ಕೊಳವೆಗಳು ಮೂರೂವರೆ ಇಂಚಿನ ಒಂದು ಕೊಳವೆಗೆ ಸಮ. ಐದು ಲೀಟರ್ ಆಸುಪಾಸಿನ ಸಾಮಾನ್ಯ ವಿ8 ಪಿಕಪ್ಪಿಗೆ 3 ಇಂಚಿನ ಒಂಟಿ ಕೊಳವೆ ಧಾರಾಳ ಸಾಕು. ಜೋಡಿ ಬಾಲಕೊಳವೆ ಬಹುಮಟ್ಟಿಗೆ ನೋಟಕ್ಕಾಗಿ.

ಹೆಡರ್

ಮ್ಯಾನಿಫೋಲ್ಡಿನ ಬದಲಿಗೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಉಕ್ಕಿನ ಕೊಳವೆ ಕೊಟ್ಟು ಮುಂದೆ ಒಂದೆಡೆ ಕೂಡಿಸುವ ರಚನೆಯೇ ಹೆಡರ್. ಸಿಲಿಂಡರುಗಳ ಅಲೆಗಳು ಒಂದಕ್ಕೊಂದು ಢಿಕ್ಕಿ ಹೊಡೆಯದಂತೆ ದೂರವಿಡುವುದು ಇದರ ಕೆಲಸ. ಗಿಡ್ಡ ಹೆಡರ್ ಕಾರ್ಖಾನೆಯ ಕನ್ವರ್ಟರ್ ಇದ್ದಲ್ಲೇ ಇರುವಂತೆ ಕೂರುತ್ತದೆ, ಅದರ ಲಾಭವೂ ಅಷ್ಟಕ್ಕಷ್ಟೇ. ಉದ್ದ ಹೆಡರಿನಲ್ಲಿ ನಿಜವಾದ ಶಕ್ತಿ ಸಿಗುತ್ತದೆ: ಎಂಜಿನ್ ಕಂಪ್ಯೂಟರಿನ ಹೊಂದಿಕೆಯನ್ನೂ ಸರಿಪಡಿಸಿಕೊಂಡರೆ ವಿ8ಗಳಲ್ಲಿ ಇಪ್ಪತ್ತು ಅಶ್ವಶಕ್ತಿಯ ಆಸುಪಾಸಿನ ಹೆಚ್ಚಳ ಸಾಧಾರಣ. ಆದರೆ ಇದನ್ನು ಕೂಡಿಸಲು ಕನ್ವರ್ಟರನ್ನು ಹಿಂದಕ್ಕೆ ಸರಿಸಬೇಕು ಅಥವಾ ಬದಲಿಸಬೇಕು. ಬಹಳಷ್ಟು ರಾಜ್ಯಗಳಲ್ಲಿ ಅದು ಕಾನೂನಿಗೆ ವಿರುದ್ಧ. ಕ್ಯಾಲಿಫೋರ್ನಿಯದಲ್ಲಿ ವಾಯುಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇರುವ ಹೆಡರ್ ಮಾತ್ರ ರಸ್ತೆಗೆ ಬರಬಹುದು.

ಕೆಲಸವೂ ಸಲೀಸಲ್ಲ. ವರ್ಷಗಟ್ಟಲೆ ಕಾದು ತಣಿದ ಮ್ಯಾನಿಫೋಲ್ಡ್ ಬೋಲ್ಟುಗಳು ಬಿಚ್ಚುವಾಗ ಮುರಿಯುತ್ತವೆ. ರ‍್ಯಾಮಿನ ಹೆಮಿ ಹಾಗೂ ಷೆವರ್ಲೆ ವಿ8ಗಳಲ್ಲಿ ಬೋಲ್ಟು ತಾನೇ ತುಂಡಾಗಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟಿಕ್ ಟಿಕ್ ಸದ್ದು ಬರುವುದು ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ ಲಕ್ಷಣ. ಆ ಸೋರಿಕೆಯಿಂದ ಹೊರಗಾಳಿ ಒಳಸೇರಿದರೆ ಆಮ್ಲಜನಕ ಸಂವೇದಕ ಮೋಸಹೋಗಿ ಕಂಪ್ಯೂಟರ್ ಬೇಡದಿದ್ದರೂ ಹೆಚ್ಚು ಪೆಟ್ರೋಲು ಸುರಿಸುತ್ತದೆ. ಶಕ್ತಿಗಾಗಿ ಹೊಸ ಭಾಗ ಕೊಳ್ಳುವ ಮೊದಲು ಹಳೆಯ ಸೋರಿಕೆ ಮುಚ್ಚಿಸುವುದು ಜಾಣತನ.

ಕನ್ವರ್ಟರ್

ಸೂಕ್ಷ್ಮ ರಂಧ್ರಗಳ ಪಿಂಗಾಣಿ ಗಟ್ಟಿಯ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೇಪಿಸಿ ಮಾಡಿದ ಸಾಧನ ಇದು. ಇಂಗಾಲದ ಮಾನಾಕ್ಸೈಡ್, ಉರಿಯದ ಇಂಧನದ ಆವಿ, ನೈಟ್ರೋಜನ್ ಆಕ್ಸೈಡುಗಳು ಮೂರನ್ನೂ ನಿರಪಾಯ ಅನಿಲಗಳಾಗಿ ಬದಲಿಸುತ್ತದೆ. ಚೆನ್ನಾಗಿರುವ ಇಂದಿನ ಕನ್ವರ್ಟರ್ ಹರಿವಿಗೆ ಒಡ್ಡುವ ತಡೆ ಸಣ್ಣದು. 1975ರ ದೂರನ್ನು ಇಂದಿನ ಗಾಡಿಗೆ ಹೊರಿಸುವುದು ನ್ಯಾಯವಲ್ಲ. ಕಿತ್ತುಹಾಕಿದರೆ ಸಿಗುವ ಲಾಭ ಅಲ್ಪ, ಬರುವ ಸದ್ದು ಕರ್ಕಶ, ಹೊಗೆಗೆ ಕಣ್ಣುರಿಸುವ ವಾಸನೆ. ಕನ್ವರ್ಟರ್ ಕಟ್ಟಿಕೊಂಡು ಗಾಡಿ ಏದುಸಿರು ಬಿಡುತ್ತಿದ್ದರೆ ಹೊಸ ಕನ್ವರ್ಟರ್ ಹಾಕಿಸಬೇಕು. ಅದು ಕಟ್ಟಿಕೊಳ್ಳಲು ಎಂಜಿನ್ ಎಣ್ಣೆ ಉರಿಸುತ್ತಿರುವುದೋ ಕಿಡಿ ತಪ್ಪುತ್ತಿರುವುದೋ ಕಾರಣವಾಗಿರುತ್ತದೆ; ಮೊದಲು ಅದನ್ನು ಹುಡುಕಬೇಕು.

ದನಿಯ ಕಸುಬು

ಕ್ಯಾಟ್-ಬ್ಯಾಕ್ ಹಾಕಿಸಿದ ಆಧುನಿಕ ಪಿಕಪ್ಪಿಗೆ ಐದರಿಂದ ಹದಿನೈದು ಅಶ್ವಶಕ್ತಿ ಹೆಚ್ಚೆಂದು ತಯಾರಕರು ಹೇಳಿಕೊಳ್ಳುತ್ತಾರೆ. 355 ಅಥವಾ 400 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಇದು ಸೀಟಿನ ಮೇಲೆ ಕೂತವನ ಬೆನ್ನಿಗೆ ತಿಳಿಯುವುದಿಲ್ಲ. ಕಿವಿಗೆ ಮಾತ್ರ ತಿಳಿಯುತ್ತದೆ, ಮತ್ತು ಕಿವಿ ಬೆನ್ನನ್ನು ನಂಬಿಸುತ್ತದೆ: ಸದ್ದು ಹೆಚ್ಚಿದ ಗಾಡಿ ಅಷ್ಟೇ ವೇಗದಲ್ಲಿ ಓಡಿದರೂ ಜೋರಾಗಿ ಓಡಿದಂತೆ ಅನ್ನಿಸುತ್ತದೆ. ನಿಜ ತಿಳಿಯಬೇಕಿದ್ದರೆ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ, ಒಂದೇ ದಿನ, ಒಂದೇ ಹವೆಯಲ್ಲಿ, ಬದಲಾವಣೆಯ ಮೊದಲೂ ನಂತರವೂ ಅಳೆಯಬೇಕು. ಹಾಗೆಂದು ದನಿಯ ಮೋಹವನ್ನು ಹಗುರವಾಗಿ ಕಾಣಬೇಕಿಲ್ಲ. ಒಳ್ಳೆಯ ದನಿಗೆ ಅದರದೇ ವಿಜ್ಞಾನವಿದೆ, ಕುಶಲತೆಯಿದೆ.

ಅಮೆರಿಕದ ವಿ8 ಎಂಜಿನ್ನಿನ ಗುಡುಗುಡು ದನಿಗೆ ಕಾರಣ ಅದರ ಕ್ರ್ಯಾಂಕ್‌ಶಾಫ್ಟ್. ಎಂಟು ಸಿಲಿಂಡರುಗಳು ಒಟ್ಟಾರೆ ಸಮ ಅಂತರದಲ್ಲಿ, 90 ಡಿಗ್ರಿಗೊಮ್ಮೆ ಉರಿಯುತ್ತವೆ. ಆದರೆ ಎಡ ಸಾಲಿನ ನಾಲ್ಕನ್ನೋ ಬಲ ಸಾಲಿನ ನಾಲ್ಕನ್ನೋ ಬೇರೆಯಾಗಿ ಆಲಿಸಿದರೆ ಅಂತರ ಏರುಪೇರು: 90, 180, 270, 180. ಒಂದು ಕಡೆ ಎರಡು ಬಡಿತ ಬೆನ್ನಿಗೆ ಬೆನ್ನಿಗೆ ಬಿದ್ದು, ಆಮೇಲೆ ಉದ್ದನೆಯ ಬಿಡುವು. ಈ ಲಯಭಂಗವೇ ಆ ದನಿಯ ಜೀವ. ಎರಡೂ ಸಾಲುಗಳ ಕೊಳವೆಗಳನ್ನು ಹೇಗೆ ಕೂಡಿಸುತ್ತೇವೆ ಎನ್ನುವುದರ ಮೇಲೆ ಅದು ಉಳಿಯುತ್ತದೆ ಇಲ್ಲವೇ ಕರಗುತ್ತದೆ. ಅಡ್ಡಪಟ್ಟಿಯಂತೆ ಕೂಡಿಸುವ ಎಚ್-ಪೈಪಿನಲ್ಲಿ ಹಳೆಯ ಗುಡುಗು ಬಹುಪಾಲು ಉಳಿಯುತ್ತದೆ. ಕತ್ತರಿಯಂತೆ ಕೂಡಿಸುವ ಎಕ್ಸ್-ಪೈಪಿನಲ್ಲಿ ಎರಡೂ ಹರಿವು ಬೆರೆತು ದನಿ ನಯವಾಗಿ, ತೆಳುವಾಗಿ, ಏರುಶ್ರುತಿಗೆ ಹೋಗುತ್ತದೆ. ಎರಡೂ ಸಾಲಿನ ಕೊಳವೆಗಳನ್ನು ಒಂದೇ ಮಫ್ಲರಿಗೆ ಸೇರಿಸುವುದು ಕಾರ್ಖಾನೆಯ ಸಾಮಾನ್ಯ ಪದ್ಧತಿ.

ಮಫ್ಲರುಗಳಲ್ಲಿ ಮೂರು ಮನೆತನಗಳಿವೆ. ಒಳಗೆ ಗೋಡೆಗಳಿಂದ ಕೋಣೆ ಮಾಡಿ, ಅಲೆ ಗೋಡೆಗೆ ಬಡಿದು ತಿರುಗಿ ಮುಂದಿನ ಅಲೆಯನ್ನು ತಾನೇ ಅಳಿಸುವಂತೆ ಮಾಡುವುದು ಕೋಣೆ ಮಫ್ಲರ್. ಫ್ಲೋಮಾಸ್ಟರ್ 40 ಸರಣಿಯಿಂದ ಇದು ಮನೆಮಾತಾಯಿತು. ದನಿ ಒರಟು, ಗಡುಸು, ಒಂದಿಷ್ಟು ಹಳೆಗಾಲದ್ದು. ತೂತುಗಳುಳ್ಳ ನೇರ ಕೊಳವೆಗೆ ಗಾಜುನಾರು ಅಥವಾ ಉಕ್ಕಿನಾರು ಸುತ್ತಿ ಕವಚ ಹೊದಿಸಿದ್ದು ನೇರ ಮಫ್ಲರ್. ಹರಿವಿಗೆ ತಡೆ ಇಲ್ಲವೆನ್ನುವಷ್ಟು ಕಡಿಮೆ. ನಾರು ಏರುಶ್ರುತಿಯ ಕರ್ಕಶತೆಯನ್ನು ಹೀರಿ ತಗ್ಗುಶ್ರುತಿಯನ್ನು ಬಿಟ್ಟುಕೊಡುತ್ತದೆ. ಬೋರ್ಲಾ, ಮ್ಯಾಗ್ನಾಫ್ಲೋಗಳ ಹೆಸರು ಇದರಲ್ಲಿ. ಕೆಂಪು ಬಣ್ಣದ ಚೆರ್ರಿ ಬಾಂಬ್ ಎಂಬ ಅಗ್ಗದ ಗಾಜುನಾರಿನ ಮಫ್ಲರ್ ಇದೇ ಜಾತಿಯದು. ವರ್ಷಗಳು ಕಳೆದಂತೆ ನಾರು ಸುಟ್ಟು ಹಾರಿಹೋಗಿ ಸದ್ದು ಮಿತಿಮೀರುತ್ತದೆ. ಮೂರನೆಯದು ಎಸ್ ಆಕಾರದಲ್ಲಿ ಹೊಗೆಯನ್ನು ಒಳಗೇ ಸುತ್ತಿಸುವ ಟರ್ಬೊ ಮಫ್ಲರ್. ನಿತ್ಯದ ಬಳಕೆಗೆ ಸೌಮ್ಯ. ನೆರೆಹೊರೆ ಇರುವ ಬೀದಿಯಲ್ಲಿ ವಾಸಿಸುವವನಿಗೆ ದೊಡ್ಡ ಗಾತ್ರದ ನೇರ ಮಫ್ಲರೇ ಒಳ್ಳೆಯ ಆಯ್ಕೆ ಎಂಬುದು ಈ ಲೇಖಕನ ಅಭಿಪ್ರಾಯ: ದನಿ ಬರುತ್ತದೆ, ಕಿರಿಕಿರಿ ಬರುವುದಿಲ್ಲ.

ವಿ6 ಪಿಕಪ್ಪುಗಳ ಪಾಡು ಬೇರೆ. ಅವುಗಳಲ್ಲಿ ಪ್ರತಿ ಸಾಲೂ ಸಮ ಅಂತರದಲ್ಲಿ ಉರಿಯುವುದರಿಂದ ಲಯಭಂಗವಿಲ್ಲ. ಮಫ್ಲರ್ ಸಡಿಲಿಸಿದರೆ ಕೇಳುವುದು ಒಣ ಕಿರುಚು. ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಇದ್ದರೆ ಅದರ ಚಕ್ರ ಹೊಗೆಯ ಬಡಿತಗಳನ್ನು ಮೊದಲೇ ಮೆತ್ತಗೆ ಮಾಡಿರುತ್ತದೆ. ಫೋರ್ಡ್ ತನ್ನ ಇಕೋಬೂಸ್ಟ್ ಎಂಜಿನ್ನಿನ ಎಫ್-150ರಲ್ಲಿ ಎಂಜಿನ್ ಸದ್ದನ್ನು ಸ್ಪೀಕರುಗಳ ಮೂಲಕ ಒಳಗೆ ಹಿಗ್ಗಿಸುತ್ತಿದೆ ಎಂಬುದು 2015ರಲ್ಲಿ ಸುದ್ದಿಯಾಗಿತ್ತು. ಅದೇ ಎಫ್-150ರ 2021ರ ರ‍್ಯಾಪ್ಟರ್ ಮಾದರಿಯಲ್ಲಿ ಕಂಪನಿ ಪ್ರಾಮಾಣಿಕ ದಾರಿ ಹಿಡಿಯಿತು: ಎರಡೂ ಸಾಲಿನ ಕೊಳವೆಗಳ ಉದ್ದ ಸಮವಾಗಲೆಂದು ಒಂದನ್ನು ಟ್ರಾಂಬೋನ್ ವಾದ್ಯದಂತೆ ಬಳಸಿ ತಂದು, ಮೆಲುದನಿಯಿಂದ ಮರುಭೂಮಿ ಓಟದ ದನಿಯವರೆಗೆ ಬದಲಿಸುವ ಕವಾಟ ಇಟ್ಟಿತು. ರ‍್ಯಾಮ್ ಕಂಪನಿ 2025ರ 1500 ಮಾದರಿಯಿಂದ ಹೆಮಿ ವಿ8 ಕೈಬಿಟ್ಟು, ಅದಕ್ಕಿಂತ ಬಲಶಾಲಿಯಾದ ಟರ್ಬೊ ಆರು ಸಿಲಿಂಡರಿನ ಎಂಜಿನ್ನನ್ನು ಇಟ್ಟಿತು. ಗ್ರಾಹಕರ ಒತ್ತಾಯಕ್ಕೆ ಮಣಿದು 2026ರ ಮಾದರಿಗೆ 395 ಅಶ್ವಶಕ್ತಿಯ ವಿ8ನ್ನು ಮರಳಿ ತಂದಿತು. ಅಂಕಿಯಲ್ಲಿ ಗೆದ್ದದ್ದು ಹೊಸ ಎಂಜಿನ್, ಕೊಳ್ಳುವವರ ಕಿವಿಯಲ್ಲಿ ಗೆದ್ದದ್ದು ಹಳೆಯದು.

ಗುಂಯ್‌ಗುಡುವಿಕೆ

ಹೊಸ ಹೊಗೆಕೊಳವೆ ಹಾಕಿಸಿದವರು ತಿಂಗಳೊಳಗೆ ಪಶ್ಚಾತ್ತಾಪ ಪಡುವುದು ಹೆಚ್ಚಾಗಿ ‘ಡ್ರೋನ್’ ಎಂದು ಕರೆಯುವ ಗುಂಯ್‌ಗುಡುವಿಕೆಯಿಂದ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ತಲೆಯೊಳಗೇ ಮೊಳಗುವ ತಗ್ಗುಶ್ರುತಿಯ ನಾದ ಅದು. ಲೆಕ್ಕ ಸರಳ. ವಿ8 ಎಂಜಿನ್ ಒಂದು ಸುತ್ತಿಗೆ ನಾಲ್ಕು ಬಾರಿ ಉರಿಯುತ್ತದೆ. ನಿಮಿಷಕ್ಕೆ 1,800 ಸುತ್ತು ಎಂದರೆ ಸೆಕೆಂಡಿಗೆ 120 ಬಡಿತ, ಅಂದರೆ 120 ಹರ್ಟ್ಸ್. ಪಿಕಪ್ಪಿನ ಚೌಕಾಕಾರದ ಕೋಣೆ ಇದೇ ಆಸುಪಾಸಿನ ನಾದಕ್ಕೆ ಅನುರಣಿಸುತ್ತದೆ. ಹೆದ್ದಾರಿ ವೇಗದಲ್ಲಿ ಎಂಜಿನ್ ತಿರುಗುವುದೂ ಹೆಚ್ಚುಕಡಿಮೆ ಅಷ್ಟೇ ಸುತ್ತಿನಲ್ಲಿ. ಇಂಧನ ಉಳಿಸಲು ಕೆಲವು ಸಿಲಿಂಡರುಗಳನ್ನು ಮಲಗಿಸುವ ವ್ಯವಸ್ಥೆ ಇದ್ದರೆ ತೊಂದರೆ ಇಮ್ಮಡಿ: ನಾಲ್ಕೇ ಸಿಲಿಂಡರ್ ಉರಿದಾಗ ಅದೇ ವೇಗದಲ್ಲಿ ನಾದ 60 ಹರ್ಟ್ಸಿಗೆ ಇಳಿದು, ನಾರಿನ ಮಫ್ಲರಿಗೆ ಸಿಕ್ಕುವುದೇ ಇಲ್ಲ. 2019ರ ನಂತರದ ಸಿಲ್ವರಾಡೊದಲ್ಲಿ ಸಿಲಿಂಡರುಗಳನ್ನು ಮಲಗಿಸುವ 17 ಬಗೆಗಳಿವೆ. ಕಾರ್ಖಾನೆಯ ಭಾರಿ ಮಫ್ಲರ್ ಯಾಕೆ ಅಷ್ಟು ದೊಡ್ಡದು ಎಂದು ಕೇಳುವವರಿಗೆ ಇದು ಉತ್ತರ.

ಪರಿಹಾರವೂ ಅಲೆಯ ಲೆಕ್ಕದಲ್ಲೇ ಇದೆ. ಮುಖ್ಯ ಕೊಳವೆಗೆ ಪಕ್ಕದಲ್ಲಿ ತುದಿ ಮುಚ್ಚಿದ ಕವಲೊಂದನ್ನು ಬೆಸುಗೆ ಹಾಕುತ್ತಾರೆ. ಅಲೆ ಅದರೊಳಗೆ ಹೋಗಿ ಬರುವಷ್ಟರಲ್ಲಿ ಅರ್ಧ ಅಲೆ ಹಿಂದೆ ಬಿದ್ದು, ಮುಖ್ಯ ಕೊಳವೆಯ ನಾದವನ್ನು ಅಳಿಸಬೇಕು. ಹಾಗಾಗಬೇಕಾದರೆ ಕವಲಿನ ಉದ್ದ ಅಲೆಯುದ್ದದ ಕಾಲುಭಾಗ ಇರಬೇಕು. ಗಾಡಿಯ ನಡುಭಾಗಕ್ಕೆ ಬರುವಷ್ಟರಲ್ಲಿ ಹೊಗೆ 300 ಡಿಗ್ರಿಗೆ ತಣಿದಿದ್ದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. 120 ಹರ್ಟ್ಸಿನ ಅಲೆಯುದ್ದ ನಾಲ್ಕು ಮೀಟರ್. ಕವಲು ಒಂದು ಮೀಟರ್. ಕಾರಿನಡಿ ಒಂದು ಮೀಟರ್ ಕವಲಿಗೆ ಜಾಗ ಹುಡುಕುವುದು ಕಷ್ಟ, ಪಿಕಪ್ಪಿನಡಿ ಸುಲಭ. ಹಣ ಕೊಟ್ಟು ಕೊಂಡ ಸದ್ದನ್ನು ತಾಳಲಾರದೆ ಗಾಡಿಯನ್ನೇ ಮಾರುವ ಬದಲು ಈ ಒಂದು ತುಂಡು ಕೊಳವೆ ಹಾಕಿಸಿ ನೋಡಬೇಕು.

ಲೋಹ ಮತ್ತು ಬೆಸುಗೆ

ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ. ಲೇಪ ಸುಲಿದ ಕಡೆ, ಮುಖ್ಯವಾಗಿ ಬೆಸುಗೆಗಳಲ್ಲಿ, ತುಕ್ಕು ಹಿಡಿಯುತ್ತದೆ. ಶೇ 11ರಷ್ಟು ಕ್ರೋಮಿಯಂ ಇರುವ 409 ಸ್ಟೇನ್‌ಲೆಸ್ ಮೇಲೆ ಮೇಲೆ ಕಂದಿದರೂ ಬಾಳುತ್ತದೆ. ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುವ 304 ದುಬಾರಿ, ಹೊಳಪು ಉಳಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊದಂಥ ರಾಜ್ಯಗಳಲ್ಲಿ 304ಕ್ಕೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಾಗದು. ಬಾಗು ಹಾಕುವಾಗ ಕೊಳವೆಯೊಳಗೆ ಅಚ್ಚು ಇಟ್ಟು ಬಗ್ಗಿಸಿದರೆ ವ್ಯಾಸ ಉಳಿಯುತ್ತದೆ. ಬರಿದೇ ಒತ್ತಿ ಬಗ್ಗಿಸಿದರೆ ಬಾಗಿದಲ್ಲೆಲ್ಲ ಕೊಳವೆ ಚಪ್ಪಟೆಯಾಗಿ, 3 ಇಂಚಿನದು ಕೊಂಡು ಎರಡೂವರೆಯದರ ಫಲ ಪಡೆದಂತಾಗುತ್ತದೆ.

ಬಾಲಕೊಳವೆ ಎಲ್ಲಿ ಕೊನೆಗೊಳ್ಳುತ್ತದೆ ಎನ್ನುವುದು ಜೀವದ ಪ್ರಶ್ನೆ. ಹಣ ಉಳಿಸಲು ಕೊಳವೆಯನ್ನು ಚಾಲಕನ ಕೋಣೆಯ ಅಡಿಯಲ್ಲೇ ಕತ್ತರಿಸಿ ಬಿಡುವವರಿದ್ದಾರೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿಗೆ ಹಾಕಿದ ಪೆಟ್ಟಿಗೆಯಲ್ಲಿ ಮಲಗಿದವರು ಮತ್ತೆ ಏಳದಿರಬಹುದು. ಹೊಗೆ ಗಾಡಿಯ ಅಂಚು ದಾಟಿಯೇ ಹೊರಬೀಳಬೇಕು. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವ ರೈತರು ಬಿಸಿ ಕೊಳವೆ ನೆಲಕ್ಕೆ ಎಷ್ಟು ಹತ್ತಿರವಿದೆ ಎಂದೂ ನೋಡಿಕೊಳ್ಳಬೇಕು.

ಡೀಸೆಲ್ ಪಿಕಪ್

ಕಮಿನ್ಸ್, ಪವರ್ ಸ್ಟ್ರೋಕ್, ಡ್ಯೂರಮ್ಯಾಕ್ಸ್ ಡೀಸೆಲ್ ಎಂಜಿನ್ನುಗಳ ಭಾರಿ ಪಿಕಪ್ಪುಗಳಲ್ಲಿ ಟರ್ಬೊ ನಂತರದ ಕೊಳವೆ ಅಗಲಿಸಿದರೆ ಫಲ ಸ್ಪಷ್ಟ: ಟರ್ಬೊ ಬೇಗ ತಿರುಗುತ್ತದೆ, ಭಾರ ಎಳೆಯುವಾಗ ಹೊಗೆಯ ಬಿಸಿ ತಗ್ಗುತ್ತದೆ. ಆದರೆ 2007ರಿಂದ ಇವುಗಳಿಗೆ ಮಸಿ ಹಿಡಿಯುವ ಡಿಪಿಎಫ್ ಶೋಧಕ ಬಂತು, ಮುಂದಿನ ವರ್ಷಗಳಲ್ಲಿ ಯೂರಿಯಾ ದ್ರಾವಣದಿಂದ ನೈಟ್ರೋಜನ್ ಆಕ್ಸೈಡ್ ಕಳೆಯುವ ವ್ಯವಸ್ಥೆ ಸೇರಿತು. ಇವನ್ನೆಲ್ಲ ಕಿತ್ತು, ಕಂಪ್ಯೂಟರಿಗೆ ಸುಳ್ಳು ಹೇಳುವ ತಂತ್ರಾಂಶ ತುಂಬುವ ದಂಧೆ ದೊಡ್ಡದಾಗಿ ಬೆಳೆಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ವರದಿಯಲ್ಲಿ, ಹಿಂದಿನ ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ನಿಯಂತ್ರಣ ಭಾಗಗಳನ್ನು ಕಿತ್ತುಹಾಕಲಾಗಿದೆ ಎಂದು ಅಂದಾಜಿಸಿತು. ಅವು ಬಾಳುವಷ್ಟು ಕಾಲ ಉಗುಳುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್ 5,70,000 ಟನ್ ಮೀರುತ್ತದೆ; ನಿಯಮಬದ್ಧವಾದ 90 ಲಕ್ಷ ಪಿಕಪ್ಪುಗಳನ್ನು ರಸ್ತೆಗೆ ಹೊಸದಾಗಿ ಇಳಿಸಿದಷ್ಟು. ಬೇಕೆಂದೇ ಕಪ್ಪು ಹೊಗೆ ಉಗುಳಿ ಸೈಕಲ್ ಸವಾರರ ಮೇಲೆ, ಪಾದಚಾರಿಗಳ ಮೇಲೆ ಹಾಯಿಸುವ ಕೆಟ್ಟ ಆಟವನ್ನು ನ್ಯೂಜೆರ್ಸಿ 2015ರಲ್ಲಿ ಕಾನೂನಿನಿಂದ ನಿಷೇಧಿಸಿತು. ತಯಾರಕರೂ ಈ ಕಾನೂನಿನಿಂದ ಹೊರತಲ್ಲ: 2013ರಿಂದ 2019ರವರೆಗಿನ ಸುಮಾರು 6,30,000 ರ‍್ಯಾಮ್ ಪಿಕಪ್ಪುಗಳ ಎಂಜಿನ್ನುಗಳಲ್ಲಿ ಮಾಲಿನ್ಯ ನಿಯಂತ್ರಣವನ್ನು ವಂಚಿಸುವ ತಂತ್ರಾಂಶವಿತ್ತು ಎಂಬ ಆರೋಪದ ಮೇಲೆ ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಶುದ್ಧಗಾಳಿ ಕಾಯ್ದೆಯಡಿ ಅಲ್ಲಿಯವರೆಗೆ ವಿಧಿಸಿದ ಅತಿ ದೊಡ್ಡ ಸಿವಿಲ್ ದಂಡ ಅದು.

ಸದ್ದಿನ ಕಾನೂನು

ಸದ್ದಿನ ವಿಷಯ ಅಮೆರಿಕದಲ್ಲಿ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿದೆ. ಕ್ಯಾಲಿಫೋರ್ನಿಯದಲ್ಲಿ 6,000 ಪೌಂಡಿಗಿಂತ ಕಡಿಮೆ ಒಟ್ಟು ತೂಕದ ವಾಹನಗಳಿಗೆ ಮಿತಿ 95 ಡೆಸಿಬೆಲ್. ಬಾಲಕೊಳವೆಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಪೂರ್ಣಗಾತ್ರದ ಬಹಳಷ್ಟು ಪಿಕಪ್ಪುಗಳ ಒಟ್ಟು ತೂಕ ಇದನ್ನು ಮೀರುವುದರಿಂದ ಅವುಗಳಿಗೆ ಬೇರೆ ಕಲಮುಗಳು ಅನ್ವಯಿಸುತ್ತವೆ. ನ್ಯೂಯಾರ್ಕ್ ರಾಜ್ಯ 2021ರಲ್ಲಿ ದಂಡವನ್ನು 1,000 ಡಾಲರಿನವರೆಗೆ ಏರಿಸಿತು. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಇಮ್ಮಡಿಸಿದಂತೆ; ಮೀಟರಿನಲ್ಲಿ ಸಣ್ಣದಾಗಿ ಕಾಣುವ ಅಂಕಿ ರಾತ್ರಿ ಎರಡು ಗಂಟೆಗೆ ಮಗುವನ್ನು ಎಬ್ಬಿಸಬಲ್ಲದು. ಬೇರೆ ಕಂಪನಿಯ ಭಾಗ ಹಾಕಿಸಿದ ಮಾತ್ರಕ್ಕೆ ಗಾಡಿಯ ವಾರಂಟಿ ರದ್ದಾಗದು ಎಂದು 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಹೇಳುತ್ತದೆ. ಕೆಟ್ಟುಹೋದದ್ದು ಆ ಭಾಗದಿಂದಲೇ ಎಂದು ಸಾಬೀತಾದರೆ ಮಾತ್ರ ದುರಸ್ತಿಯ ಖರ್ಚು ಒಡೆಯನದು.

ಭಾರತದಲ್ಲಿ

ಇಲ್ಲಿ ಹವ್ಯಾಸಿಗಳ ಕೈಗೆ ಬರುವ ಪಿಕಪ್ಪುಗಳು ಎರಡೇ ಎನ್ನಬಹುದು. ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿ ತಯಾರಾಗಿ 2016ರಲ್ಲಿ ಮಾರುಕಟ್ಟೆಗೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಒಂದು, ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಜೋಡಣೆಯಾಗುವ, 2022ರಲ್ಲಿ ಬಂದ ಟೊಯೊಟಾ ಹಿಲಕ್ಸ್ ಇನ್ನೊಂದು. ಎರಡೂ ಟರ್ಬೊ ಡೀಸೆಲ್, ಹಿಲಕ್ಸಿನ 2.8 ಲೀಟರ್ ಎಂಜಿನ್ 204 ಅಶ್ವಶಕ್ತಿ ಕೊಡುತ್ತದೆ. ವಿ8ರ ಗುಡುಗು ಇವುಗಳಲ್ಲಿ ಹುಟ್ಟುವುದೇ ಇಲ್ಲವಾದ್ದರಿಂದ ಎಂಥ ಮಫ್ಲರ್ ಹಾಕಿದರೂ ಅದು ಬಾರದು. 2020ರ ಏಪ್ರಿಲಿನಿಂದ ಜಾರಿಯಾದ ಬಿಎಸ್-6 ನಿಯಮದಿಂದಾಗಿ ಹೊಗೆಯ ದಾರಿಯಲ್ಲಿ ಡಿಪಿಎಫ್ ಕೂತಿದೆ, ಅದನ್ನು ಕಿತ್ತರೆ ಕಾನೂನುಭಂಗ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನೀಡಿದ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆ ಇದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಚಾಲನಾ ಪರವಾನಗಿಯ ಅನರ್ಹತೆ. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಹಾಸಿ ರೋಡ್‌ರೋಲರ್ ಹರಿಸಿದ್ದಾರೆ. ಅವು ಹೆಚ್ಚಾಗಿ ಬೈಕುಗಳವು, ಕಾನೂನು ಮಾತ್ರ ಎಲ್ಲಕ್ಕೂ ಒಂದೇ.

ಹಿಲಕ್ಸ್ ಅಥವಾ ವಿ-ಕ್ರಾಸ್ ಇಟ್ಟುಕೊಂಡವರು ಹೊಗೆಕೊಳವೆಗೆಂದು ತೆಗೆದಿಟ್ಟ ಹಣವನ್ನು ಒಳ್ಳೆಯ ಟೈರಿಗೆ ಹಾಕಲಿ. ಟೆಕ್ಸಸ್ಸಿನಲ್ಲೋ ಮಿಷಿಗನ್ನಿನಲ್ಲೋ ವಿ8 ಪಿಕಪ್ ಕೊಂಡ ಕನ್ನಡಿಗರು ದನಿ ಬೇಕೆನ್ನಿಸಿದರೆ ಕನ್ವರ್ಟರಿನ ಹಿಂದಿನ ಭಾಗವನ್ನಷ್ಟೇ ಬದಲಿಸಲಿ, ಕೊಳ್ಳುವ ಮೊದಲು ಅದೇ ಮಫ್ಲರ್ ಹಾಕಿಸಿದ ಬೇರೊಬ್ಬರ ಗಾಡಿಯಲ್ಲಿ ಕೂತು ಹೆದ್ದಾರಿಯಲ್ಲಿ ಅರ್ಧ ಗಂಟೆ ಸಾಗಿ ಬರಲಿ.